ಹಲಸಿನ ಹಲಗೆ, ಏಳು ಗುಳಿ

ಬಸ್ರೂರು
14-9-2008, ಭಾನುವಾರ

ಮುದ್ದಿನ ಅಕ್ಷಯಾ,

ನೀನು, ಸುಜಿತ್, ನಮ್ಮ ಧೃತಿಪುಟ್ಟಿ ಮೂವರೂ ಪುಣೆಯಲ್ಲಿ ಸೌಖ್ಯವಾಗಿದ್ದೀರಿ ಎಂದು ನಂಬಿ ಬರೆಯುತ್ತಿದ್ದೇನೆ. ನಾವಿಬ್ಬರೂ ಗಟ್ಟಿಮುಟ್ಟಾಗಿದ್ದೇವೆ. ಅಪ್ಪಯ್ಯನಿಗೆ ಮೊಣಕಾಲು ನೋವಂತೆ, ಆದರೆ ಕುಂದಾಪುರ ಪೇಟೆಗೆ ಹೋಗುವ ದಿನ ಮಾತ್ರ ಅದು ಇರುವುದಿಲ್ಲ. ಚೌತಿಗೆ ಮೊದಲೇ ಬರೆಯಬೇಕೆಂದು ಕಾಗದ ತೆಗೆದಿಟ್ಟಿದ್ದೆ. ಅದರ ಹಿಂಬದಿಯಲ್ಲಿ ನಿನ್ನ ಅಪ್ಪಯ್ಯ ಗ್ಯಾಸ್ ಏಜೆನ್ಸಿಯ ನಂಬರ್ ಬರೆದರು, ಆ ಸಿಟ್ಟಿನಲ್ಲಿ ಮತ್ತೆ ಹತ್ತು ದಿನ ಕಳೆಯಿತು. ತಡವಾದದ್ದಕ್ಕೆ ಬೈದುಕೊ, ಆದರೆ ಪೂರ್ತಿ ಓದು.

ಫೋನ್ ಇರುವಾಗ ಕಾಗದ ಯಾಕೆ ಎಂದು ಕೇಳುತ್ತೀ, ಗೊತ್ತು. ಫೋನಿನಲ್ಲಿ ನಾನು ಪಿಯಾನೋ ಅಂದ ಕೂಡಲೇ ನೀನು "ಅಮ್ಮ, ಕುಕ್ಕರ್ ಕೂಗ್ತಾ ಇತ್ತ್, ಇಡ್ತೆ" ಎನ್ನುತ್ತೀ. ಈ ವರ್ಷ ನಿನ್ನ ಕುಕ್ಕರ್ ಬೆಳಿಗ್ಗೆ ಹತ್ತಕ್ಕೂ ಕೂಗಿದೆ, ಮಧ್ಯಾಹ್ನ ಮೂರಕ್ಕೂ ಕೂಗಿದೆ. ಇಷ್ಟು ಅನ್ನ ಯಾರು ಉಣ್ಣುತ್ತಾರೆ ಮಗಾ? ಕಾಗದಕ್ಕೆ ಕುಕ್ಕರ್ ಕೇಳಿಸುವುದಿಲ್ಲ. ನೀನು ಓದದೆ ಮಡಚಿಟ್ಟರೂ ಅದು ಮೇಜಿನ ಮೇಲೆ ಕೂತಿರುತ್ತದೆ.

ಸುದ್ದಿ ಏನೆಂದರೆ, ನಾನು ಪಿಯಾನೋದ ಮುಚ್ಚಳ ತೆಗೆದೆ. ಹದಿನೆಂಟು ವರ್ಷದ ಮೇಲೆ. ನಿನ್ನ ಅಜ್ಜ ಮುಂಬೈಯ ಹೋಟೆಲು ಮುಚ್ಚಿದಾಗ ಮೇಜು, ಕುರ್ಚಿ, ಟೀ ಬಾಯ್ಲರ್ ಎಲ್ಲ ಮಾರಿ ಇದೊಂದನ್ನು ನನಗಾಗಿ ಲಾರಿಯಲ್ಲಿ ಕಳಿಸಿದ್ದು, ಲಾರಿಯವನು ಚೀಟಿಯಲ್ಲಿ "ಕಪಾಟು ಒಂದು" ಎಂದು ಬರೆದದ್ದು ನಿನಗೆ ನೆನಪಿರಬೇಕು. ಮುಚ್ಚಿಟ್ಟಿದ್ದೆನೇ ಹೊರತು ಬಿಟ್ಟುಬಿಟ್ಟಿರಲಿಲ್ಲ. ಪ್ರತಿ ಮಳೆಗಾಲ ಅದರ ಹೊಟ್ಟೆಯೊಳಗೆ ಸಣ್ಣ ಬಲ್ಬು ಉರಿಸಿ ಒಣಗಿಸಿಟ್ಟೆ. "ಬಾರ್ಸ್ದೆ ಇಪ್ಪುಕೆ ಇಷ್ಟ್ ಉಪಚಾರ ಎಂತಕೆ ಮಾರಾಯ್ತಿ?" ಎಂದು ಅಪ್ಪಯ್ಯ ಕೇಳುತ್ತಲೇ ಇದ್ದರು. ನಾನು ಬಲ್ಬು ಬದಲಿಸುತ್ತಲೇ ಇದ್ದೆ.

ಮುಚ್ಚಳ ತೆಗೆಸಿದ್ದು ಗುಲ್ವಾಡಿಯ ಒಂದು ಹುಡುಗಿ. ಹೆಸರು ಪ್ರೇಕ್ಷಾ, ಎಂಟು ವರ್ಷ. ಅವಳ ತಾಯಿ ಜಲಜ ಗೇರುಬೀಜದ ಫ್ಯಾಕ್ಟರಿಗೆ ಹೋಗುವವಳು. ಮೇ ತಿಂಗಳಲ್ಲಿ ನಮ್ಮಲ್ಲಿಗೆ ಮಾವಿನ ಮಿಡಿ ಕೊಡಲು ಬಂದಾಗ ಮಗಳನ್ನೂ ಕರೆತಂದಿದ್ದಳು. ನಾವು ಅಡುಗೆಮನೆಯಲ್ಲಿ ಮಾತಾಡುತ್ತಿದ್ದಾಗ ಚಾವಡಿಯಿಂದ ಒಂದು ಸ್ವರ ಕೇಳಿತು. ಒಂದೇ ಒಂದು. ಮಕ್ಕಳು ಪಿಯಾನೋ ಕಂಡರೆ ಎರಡೂ ಕೈಯಲ್ಲಿ ಬಡಿಯುತ್ತಾರಲ್ಲ, ಇವಳು ಹಾಗೆ ಮಾಡಲಿಲ್ಲ. ಮುಚ್ಚಳವನ್ನು ಸ್ವಲ್ಪವೇ ಎತ್ತಿ ಒಂದು ಕೀ ಒತ್ತಿ, ಆ ಶಬ್ದ ಪೂರ್ತಿ ಅಡಗುವ ತನಕ ಕಿವಿ ಕೊಟ್ಟು ನಿಂತು, ಮತ್ತೆ ಪಕ್ಕದ್ದನ್ನು ಒತ್ತಿದಳು. ಕಲಿಸಲಾಗದ್ದನ್ನು ಈ ಹುಡುಗಿ ಹುಟ್ಟುವಾಗಲೇ ತಂದಿದ್ದಾಳೆ. ಇನ್ನು ಉಳಿದದ್ದು ಬೆರಳು, ಮತ್ತು ದಿನಾ ಕೂರುವ ಅಭ್ಯಾಸ.

ಜಲಜ ತನ್ನ ಬೆರಳುಗಳನ್ನು ನನ್ನ ಮುಂದೆ ಹಿಡಿದಳು. ಗೇರುಬೀಜದ ಸಿಪ್ಪೆಯ ಸುಡುವ ಸೊನೆ ಹಿಡಿದು ಕರ್ರಗೆ, ತುದಿ ಒಡೆದು ಹೋಗಿವೆ. "ನನ್ ಬೆರಳ್ ಹೀಂಗಾಯ್ತ್ ಟೀಚ್ರೇ. ಅದ್ರ ಬೆರಳಾದ್ರೂ ಬೇರೆ ಎಂತಾರೂ ಮಾಡ್ಲಿ" ಅಂದಳು. ನಾನು ಟೀಚರ್ ಅಲ್ಲ ಎನ್ನಬೇಕಿತ್ತು. ಶನಿವಾರದಿಂದ ಕಳಿಸು ಎಂದೆ.

ಸುದ್ದಿ ಹಬ್ಬಿ ಈಗ ಆರು ಮಕ್ಕಳು ಬರುತ್ತಾರೆ. ಬಾಕಿ ಐವರ ಮನೆಯಲ್ಲಿ ಸಣ್ಣದೋ ದೊಡ್ಡದೋ ಕೀಬೋರ್ಡ್ ಇದೆ. ಪ್ರೇಕ್ಷಾಳ ಮನೆಯಲ್ಲಿ ಇಲ್ಲ, ನಮ್ಮಲ್ಲಿಗೆ ಬರುವುದು ಶನಿವಾರ, ಭಾನುವಾರ ಮಾತ್ರ. ಉಳಿದ ಐದು ದಿನ ಏನು ಮಾಡಬೇಕು? ವಾರಕ್ಕೊಮ್ಮೆ ಮೂರು ಗಂಟೆ ಬಾರಿಸುವುದಕ್ಕಿಂತ ದಿನಾ ಕಾಲು ಗಂಟೆ ಬಾರಿಸುವುದು ಮೇಲು ಎಂದು ನನಗೆ ಪಿಯಾನೋ ಕಲಿಸಿದ ಟೀಚರಮ್ಮ ಹೇಳುತ್ತಿದ್ದರು. ಅದಕ್ಕೆ ಶೀನ ಆಚಾರಿಯನ್ನು ಕರೆಸಿ ಹಲಸಿನ ಹಲಗೆಯಲ್ಲಿ ಪಿಯಾನೋದ್ದೇ ಅಳತೆಗೆ ಬಿಳಿ ಕೀ, ಕರಿ ಕೀ ಕೊರೆಸಿದೆ. ಶಬ್ದ ಇಲ್ಲ, ಬರೀ ಬೆರಳಿಗೆ ದಾರಿ. ಹಲಗೆಯ ಮೇಲಂಚಿನಲ್ಲಿ ಏಳು ಗುಳಿ ತೋಡಿಸಿದೆ, ವಾರದ ಏಳು ದಿನಕ್ಕೆ. ಪಾಠ ಒಂದು ಸಲ ಮೊದಲಿಂದ ಕೊನೆವರೆಗೆ ಬಾರಿಸಿದರೆ ಆ ದಿನದ ಗುಳಿಗೆ ಆಟದ ಕಾಯಿಯಂತೆ ಒಂದು ಕೆಂಪು ಮಂಜೊಟ್ಟಿ ಬೀಜ. ದಿನಕ್ಕೆ ನಾಲ್ಕು ಕಾಯಿ ಬೀಳಬೇಕು.

ಜುಲೈಯಲ್ಲಿ ಶುರು ಮಾಡಿದೆವು. ಒಂದು ತಿಂಗಳು ಹುಡುಗಿ ಹಾರಿಕೊಂಡು ಕಲಿತಳು. ಆಗಸ್ಟ್ ಕೊನೆಗೆ ನೋಡಿದರೆ ಬೆರಳು ಮರಗಟ್ಟಿವೆ! ಒಂದು ವಾರ ನೋಡಿದೆ, ಎರಡು ವಾರ ನೋಡಿದೆ. ಮೂರನೇ ವಾರ ನನ್ನ ಹಳೇ ಸಿಟ್ಟು ನೆತ್ತಿಗೇರಿತು. ಬೈಯಲು ಬಾಯಿ ತೆರೆದವಳು ಎದ್ದು ಅಡುಗೆಮನೆಗೆ ಹೋಗಿ ಎರಡು ಲೋಟ ನೀರು ಕುಡಿದು ಬಂದೆ. ಆಮೇಲೆ ಮೆಲ್ಲಗೆ ಕೇಳಿದೆ, ದಿನಾ ಬಾರಿಸುತ್ತೀಯಾ ಪುಟ್ಟಿ? ಅವಳು ನೆಲ ನೋಡುತ್ತಾ, "ಹಲ್ಗಿ ಅಟ್ಟದ್ ಮೇಲ್ ಇತ್ತ್ ಟೀಚರ್" ಅಂದಳು.

ಮರುದಿನವೇ ಗುಲ್ವಾಡಿಗೆ ಹೋದೆ. ಅಟ್ಟಕ್ಕೆ ಹಾಕಿದ್ದು ಅವಳ ಅಜ್ಜಿ ಅಕ್ಕು. ಏಳು ಗುಳಿ, ಕೆಂಪು ಕಾಯಿ ಕಂಡು ಆಕೆ ಅದನ್ನು ಗುಳಿಗೆ ಕಾಯಿ ಹಾಕಿ ಆಡುವ ಚೆನ್ನೆಮಣೆ ಎಂದೇ ತಿಳಿದಿದ್ದಾರೆ! ಚೆನ್ನೆ ಆಡುವುದು ಆಸಾಡಿ ತಿಂಗಳಲ್ಲಿ ಮಾತ್ರ ತಾನೆ? "ಸೋಣಿ ತಿಂಗ್ಳ್ ಹುಟ್ಟಿದ್ ಮೇಲೆ ಚೆನ್ನಿಮಣಿ ಕೆಳ್ಗ್ ಇಡೂಕಾಗ. ಮನಿಗ್ ಒಳ್ಳೇದಲ್ಲ" ಎಂದು ಶಾಸ್ತ್ರ ಹೇಳಿದರು. ನಾನು ಇದು ಚೆನ್ನೆಮಣೆ ಅಲ್ಲ, ಸಂಗೀತದ ಪಾಠ ಎಂದೆ. ಅಜ್ಜಿ ಹಲಗೆ ಇಳಿಸಿ, ಬಗ್ಗಿ, ಕಿವಿ ಹಚ್ಚಿ, ಬೆರಳಿಂದ ಎರಡು ಸಲ ಕುಟ್ಟಿ, "ಹ್ವಾಯ್, ಇದ್ರೊಳ್ಗ್ ಎಂತ ಸಂಗೀತವೂ ಇಲ್ಲ ಕಾಣಿ" ಎಂದರು. ನಾನು ನಕ್ಕದ್ದು ನೋಡಿ ಜಲಜ ಒಳಗೆ ಓಡಿದಳು, ನಗಲಿಕ್ಕೇ ಇರಬೇಕು.

ಕೊನೆಗೆ ಹೀಗೆ ರಾಜಿಯಾಯಿತು. ಕಾಯಿ ಗುಳಿಗೆ ಬೀಳುವುದು ಆಸಾಡಿಯಲ್ಲಿ ಮಾತ್ರ. ಬಾಕಿ ತಿಂಗಳು ಅಜ್ಜಿಯ ಕೈಯಲ್ಲಿ ಒಂದು ತೆಂಗಿನ ಗೆರಟೆ, ಕಾಯಿ ಅದರೊಳಗೆ. ಸಂಜೆ ದೀಪ ಹಚ್ಚಿದ ಕೂಡಲೇ ಪಾಠ. ಅಜ್ಜಿ ಪಕ್ಕದಲ್ಲಿ ಕೂತು ನೋಡಬೇಕು.

ಮುಂದಿನ ವರ್ಷ ನವೆಂಬರಿನಲ್ಲಿ ಮಂಗಳೂರಿಗೆ ಲಂಡನ್ನಿನ ಸಂಗೀತ ಪರೀಕ್ಷಕರು ಬರುತ್ತಾರೆ. ಪ್ರೇಕ್ಷಾಳನ್ನು ಒಂದನೇ ಗ್ರೇಡಿಗೆ ಕೂರಿಸುವುದು ಎಂದು ತೀರ್ಮಾನಿಸಿದ್ದೇನೆ. ಒಂದು ಪೆಟ್ಟಿಲ್ಲದೆ, ಒಂದು ಬೈಗುಳವಿಲ್ಲದೆ. ನನ್ನಿಂದ ಅದು ಆಗುತ್ತದಾ ಅಕ್ಷಯಾ? ಅವಳ ಜೊತೆ ನನಗೂ ಅದು ಪರೀಕ್ಷೆಯೇ. ಅವಳು ಪಾಸಾದ ಮೇಲೆ ನಮ್ಮ ಚಾವಡಿಯಲ್ಲಿ ಬಾರಿಸುವ ದಿನ ನೀನು ಬಂದು ಕೇಳಬೇಕು. ಇದಕ್ಕಿಂತ ದೊಡ್ಡ ಆಸೆ ನನಗೆ ಈಗ ಇಲ್ಲ.

ಮೂವರಿಗೂ ನನ್ನ ಆಶೀರ್ವಾದ. ಸುಜಿತನ ಹೋಟೆಲಿನಲ್ಲಿ ಗಿರಾಕಿಗಳಿಗೆ ಕೂರಲು ಜಾಗ ಸಾಲದಷ್ಟಾಗಲಿ.

ನಿನ್ನ
ಅಮ್ಮ

ಇನ್ನೊಂದು ಮಾತು: ಧೃತಿ ಶಾಲೆಯಲ್ಲಿ ಕೀಬೋರ್ಡ್ ಕ್ಲಾಸಿಗೆ ಸೇರುತ್ತೇನೆ ಎಂದು ಅತ್ತಳಂತೆ, ನೀನು ಬೇಡ ಎಂದೆಯಂತೆ. ಸುಜಿತ್ ಬಾಯಿ ತಪ್ಪಿ ಹೇಳಿದ, ಅವನನ್ನು ಬೈಯಬೇಡ. ನಿನ್ನನ್ನೂ ನಾನು ಯಾಕೆ ಎಂದು ಕೇಳುವುದಿಲ್ಲ.


ಬಸ್ರೂರು
19-4-2009

ಪ್ರೀತಿಯ ಮಗಳೇ,

ನೀನು ಉತ್ತರ ಬರೆಯಲಿಲ್ಲ, ಆದರೆ ಅಪ್ಪಯ್ಯನ ಹತ್ತಿರ "ಆ ಅಜ್ಜಿ ಮತ್ತೆಂತ ಹೇಳ್ತ್?" ಎಂದು ಕೇಳಿದೆಯಂತೆ. ಅಂದರೆ ಓದಿದ್ದೀ. ಅಷ್ಟು ಸಾಕು. ಇಷ್ಟು ತಿಂಗಳು ಬರೆಯದೇ ಇದ್ದದ್ದು ಸೋಮಾರಿತನದಿಂದಲ್ಲ, ದೃಷ್ಟಿಯಾಗುತ್ತದೆ ಎಂಬ ಹೆದರಿಕೆಯಿಂದ. ಅಷ್ಟು ಚೆನ್ನಾಗಿ ನಡೆಯುತ್ತಿದೆ!

ಅಕ್ಕು ಅಜ್ಜಿ ಈಗ ಪೊಲೀಸು. ದೀಪ ಹಚ್ಚಿ, ಕೈಮುಗಿದು, ಗೆರಟೆ ಹಿಡಿದು ಕೂತರೆ ನಾಲ್ಕು ಕಾಯಿ ಬೀಳುವ ತನಕ ಯಾರೂ ಏಳುವಂತಿಲ್ಲ. ಜ್ವರ ಬಂದ ದಿನ ಒಂದು ಕಾಯಿ, ನೆಂಟರು ಬಂದ ದಿನ ಎರಡು, ಸೊನ್ನೆ ಮಾತ್ರ ಇಲ್ಲ. ಇದನ್ನು ಮಾಡಿದ್ದು ಅಜ್ಜಿಯೇ, ನನಗೆ ಹೊಳೆದಿರಲಿಲ್ಲ. "ಒಂದ್ ದಿನ ಬಿಟ್ರೆ ಮರ್ದಿನ ಬಿಡೂಕೆ ಸಲೀಸ್ ಆತ್ತ್ ಟೀಚ್ರೇ" ಎನ್ನುತ್ತಾರೆ. ಬಾಕಿ ಐದು ಮಕ್ಕಳ ತಾಯಂದಿರಿಗೆ ನಾನು ಇದನ್ನೇ ಹೇಳುತ್ತಿದ್ದೇನೆ, ನನ್ನದೇ ಮಾತು ಎಂಬಂತೆ.

ಪ್ರೇಕ್ಷಾಳಿಗೆ ಹೆಬ್ಬೆರಳನ್ನು ಬೇರೆ ಬೆರಳಿನ ಕೆಳಗಿಂದ ದಾಟಿಸುವುದು ಬರುತ್ತಿರಲಿಲ್ಲ. ಎಷ್ಟು ಸಲ ತೋರಿಸಿದರೂ ಮೊಣಕೈ ಎತ್ತುತ್ತಿದ್ದಳು. ನಾನು ನೀರು ಕುಡಿದು ಕುಡಿದು ಒಂದು ಕೊಡಪಾನ ಮುಗಿಸಿದೆ. ಒಂದು ಭಾನುವಾರ, ನಿಮ್ಮೂರಲ್ಲಿ ಸೇತುವೆ ಕೆಳಗೆ ದೋಣಿ ಹೇಗೆ ಹೋಗುತ್ತದೆ ಎಂದು ಕೇಳಿದೆ. "ದೋಣಿ ಒಳ್ಗ್ ಇಪ್ಪೋರ್ ತಲಿ ತಗ್ಗಿಸ್ತ್ರ್, ಸೇತುವೆ ಎಂತಕೆ ಏಳ್ತ್?" ಎಂದು ನನಗೇ ಬುದ್ಧಿ ಹೇಳಿದಳು. ಹೇಳಿ ಮುಗಿಯುವಷ್ಟರಲ್ಲಿ ಅವಳ ಹೆಬ್ಬೆರಳು ತಲೆ ತಗ್ಗಿಸಿ ದಾಟಿತ್ತು. ನಾನು ಎದ್ದು ಚಾವಡಿಯಲ್ಲಿ ಒಂದು ಸುತ್ತು ಕುಣಿದೆ. ಸುಳ್ಳಲ್ಲ, ಅಪ್ಪಯ್ಯನನ್ನು ಕೇಳು.

ಒಂದು ದಿನ ಮಾತ್ರ ಕೆಟ್ಟುಹೋಯಿತು. ಅದನ್ನೂ ಬರೆಯಬೇಕು.

ಹೋದ ವಾರ ನಾನು, ಅಪ್ಪಯ್ಯ ಗುಲ್ವಾಡಿಗೆ ಹೋಗಿದ್ದೆವು. ದೀಪ ಹಚ್ಚುವ ಹೊತ್ತು, ಪ್ರೇಕ್ಷಾ ಹಲಗೆಯ ಮುಂದೆ ಕೂತಿದ್ದಾಳೆ. ಅಜ್ಜಿಯ ಗೆರಟೆ ನೋಡಿದರೆ ಅದರಲ್ಲಿ ಮಂಜೊಟ್ಟಿ ಇಲ್ಲ, ತೋಟದಿಂದ ಆಗಷ್ಟೇ ಹೆಕ್ಕಿದ ಹಸಿ ಗೇರುಬೀಜ! ಕಾಯಿಗಳನ್ನು ಇಲಿ ಹೊತ್ತುಕೊಂಡು ಹೋಯಿತಂತೆ, ಗೇರುಬೀಜ ಕೈಗೆ ಸಿಕ್ಕಿತು, ಹಾಕಿದರು, ಅಷ್ಟೇ. ಪ್ರೇಕ್ಷಾ ಒಂದು ಬೀಜ ಎತ್ತಿಕೊಳ್ಳಲು ಕೈ ಚಾಚಿದಳು. ನನಗೆ ಏನಾಯಿತೋ ಗೊತ್ತಿಲ್ಲ. ಗೆರಟೆಯನ್ನು ಕಿತ್ತು ಅಂಗಳಕ್ಕೆ ಎಸೆದೆ. "ಮುಟ್ಬೇಡ!" ಎಂದು ಕಿರುಚಿದೆ. ಗೆರಟೆ ಎರಡು ಹೋಳಾಯಿತು. ಹುಡುಗಿ ಅಳಲಿಕ್ಕೂ ಹೆದರಿ ಅಜ್ಜಿಯ ಸೆರಗು ಹಿಡಿದಳು.

ಜಲಜ ಬೆಪ್ಪಾಗಿ ನಿಂತಳು. ದಿನವಿಡೀ ಗೇರುಬೀಜದ ನಡುವೆ ಕೂತು ಬರುವವಳ ಮನೆಯಲ್ಲಿ ಇದೆಂತಹ ರಂಪ! ಅಪ್ಪಯ್ಯನೇ ನನ್ನ ಮಾನ ಉಳಿಸಿದರು. "ಎಂತ ಎಣಿಸ್ಕಂಬೇಡಿ. ನಮ್ ಮಗ್ಳ್ ಸಣ್ಣ್ ಇಪ್ಪತ್ತಿಗೆ ಗೇರ್ಬೀಜ ಸುಡೂಕೆ ಹೋಯಿ ಕೈ ಮೇಲೆ ಸೊನಿ ಹಾರಿತ್ತ್. ಅದ್ರ ಹೆದ್ರಿಕಿ ಇವ್ಳಿಗೆ ಇನ್ನೂ ಬಿಡ್ಲಿಲ್ಲ" ಎಂದರು. ನಾನು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಹುಡುಗಿಯ ಮುಂದೆ ಕೂತು, ತಪ್ಪಾಯಿತು ಪುಟ್ಟಿ, ಬೈದದ್ದು ನಿನ್ನನ್ನಲ್ಲ ಎಂದೆ. ಅವಳು ಸೆರಗು ಬಿಟ್ಟು, "ಅಡ್ಡಿಲ್ಲ ಟೀಚರ್" ಎಂದಳು. ಅಷ್ಟು ಸಲೀಸು. ಮಕ್ಕಳ ಹತ್ತಿರ ತಪ್ಪಾಯಿತು ಎನ್ನುವುದು ಇಷ್ಟು ಸಲೀಸು ಎಂದು ನನಗೆ ಅರವತ್ತರಲ್ಲಿ ಗೊತ್ತಾಯಿತು.

ನನಗೆ ಯಾಕೆ ಹಾಗಾಯಿತು ಎಂದು ನಿನಗೆ ಬರೆಯಲು ಮೂರು ದಿನದಿಂದ ಪೆನ್ನು ಹಿಡಿದು ಕೂತಿದ್ದೇನೆ. ಧೈರ್ಯ ಬಂದಾಗ ಬರೆಯುತ್ತೇನೆ.

ಮರುದಿನ ಹೊಸ ಮಂಜೊಟ್ಟಿ ಕಳಿಸಿದೆ, ಇಲಿ ಹೋಗದ ಡಬ್ಬಿಯಲ್ಲಿ. ಧೃತಿಗೆ ಮುತ್ತು. ರಜೆಯಲ್ಲಿ ಬಂದರೆ ಗಂಜಿ ಊಟ, ಹೊಳೆ ಮೀನು, ಅಜ್ಜನ ಹಳೇ ಜೋಕು ಎಲ್ಲ ಸಿದ್ಧವಿದೆ. ಪಿಯಾನೋದ ಮುಚ್ಚಳ ಬೇಕಾದರೆ ಹಾಕಿಡುತ್ತೇನೆ.

ಅಮ್ಮ


ಬಸ್ರೂರು
20-12-2009

ನನ್ನ ಅಕ್ಷಯಾ,

ಗೆದ್ದೆವು! ಕ್ಷೇಮ ಸಮಾಚಾರ ಆಮೇಲೆ, ಮೊದಲು ಇದು. ಪ್ರೇಕ್ಷಾ ಒಂದನೇ ಗ್ರೇಡಿನಲ್ಲಿ ಡಿಸ್ಟಿಂಕ್ಷನ್. ನೂರೈವತ್ತಕ್ಕೆ ನೂರಮೂವತ್ತೆಂಟು. ಫಲಿತಾಂಶದ ಕಾಗದವನ್ನು ಅಪ್ಪಯ್ಯ ಕುಂದಾಪುರದ ಬಸ್ ಸ್ಟ್ಯಾಂಡಿನಿಂದ ಹಿಡಿದು ಬಸ್ರೂರಿನ ತನಕ ಕಂಡವರಿಗೆಲ್ಲ ತೋರಿಸಿಕೊಂಡು ಬಂದರು, ಮನೆ ಮುಟ್ಟುವಾಗ ಅದರ ಮಡಿಕೆ ಹರಿದಿತ್ತು. ಬರೆಯಲು ತಡವಾದದ್ದು ಈ ಕಾಗದ ಬರುವ ತನಕ ಕಾದದ್ದರಿಂದ.

ಪರೀಕ್ಷೆಯ ದಿನದ್ದು ಹೇಳುತ್ತೇನೆ ಕೇಳು. ಬೆಳಗಿನ ಬಸ್ಸಿಗೆ ನಾನು, ಜಲಜ, ಪ್ರೇಕ್ಷಾ ಹೊರಟೆವು. ಫ್ಯಾಕ್ಟರಿಗೆ ರಜೆ ಹಾಕಿದ ಜಲಜ ಬ್ರಹ್ಮಾವರ ದಾಟುವ ತನಕ ಟಿಕೆಟು ಮಡಚುತ್ತಾ ಬಿಚ್ಚುತ್ತಾ ಇದ್ದಳು. ಹುಡುಗಿ ಮಾತ್ರ ಹಲಗೆಯನ್ನು ತೊಡೆ ಮೇಲಿಟ್ಟುಕೊಂಡು ಬಾರಿಸುತ್ತಾ ಬಂದಳು. ಬಸ್ಸಿನವರೆಲ್ಲ ತಿರುಗಿ ತಿರುಗಿ ನೋಡಿದರು. ಕಂಡಕ್ಟರ್ "ಎಂತ ಮಾಡ್ತಿತ್ತ್ ಈ ಹೆಣ್ಣ್?" ಎಂದ. ನಾನು ಗತ್ತಿನಿಂದ, ಪಿಯಾನೋ ಬಾರಿಸುತ್ತಿದ್ದಾಳೆ, ನಿಮಗೆ ಕೇಳುವುದಿಲ್ಲವಾ ಎಂದೆ.

ಮಂಗಳೂರಿನಲ್ಲಿ ಅವಳನ್ನು ಒಳಗೆ ಕರೆದು ಬಾಗಿಲು ಹಾಕಿದರು. ಟೀಚರ್‌ಗಳು ಹೊರಗೆ ಬೆಂಚಿನ ಮೇಲೆ. ನಾನು ಬಾಗಿಲಿಗೇ ಕಿವಿ ಕೊಟ್ಟು ಕೂತೆ. ಒಳಗಿಂದ ಏನೂ ಇಲ್ಲ. ಒಂದು ನಿಮಿಷವಾಯಿತು, ಎರಡು ನಿಮಿಷವಾಯಿತು. ಒಂದು ಸ್ವರವೂ ಇಲ್ಲ! ಮರೆತುಹೋದಳು, ಹೆದರಿ ಕಲ್ಲಾಗಿ ಕೂತಿದ್ದಾಳೆ, ಒಂದೂವರೆ ವರ್ಷದ್ದು ನೀರಲ್ಲಿ ಹೋಯಿತು. ನನ್ನ ಕೈ ಎದ್ದಿತು ಅಕ್ಷಯಾ, ಬಾಗಿಲು ಬಡಿಯಲಿಕ್ಕೆ. ಒಳಗೆ ನುಗ್ಗಿ "ಬಾರ್ಸ್!" ಎಂದು ಗದರಿಸಲಿಕ್ಕೆ. ಆ ಕೈಯನ್ನು ಎಳೆದು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಕೂತೆ. ಎರಡೂ ಕೈಯ ಮೇಲೆ ಕೂತೆ. ಜಲಜ ಸೆರಗಿನ ತುದಿ ಕಚ್ಚಿಕೊಂಡಿದ್ದಳು.

ಆಮೇಲೆ ಬಂತು. ಮೊದಲ ಸ್ವರ, ದುಂಡಗೆ, ಅವಸರವಿಲ್ಲದೆ. ಅದರ ಹಿಂದೆ ಬಾಕಿ ಎಲ್ಲವೂ. ಒಂದು ಕಡೆಯೂ ಎಡವಲಿಲ್ಲ. ಹೆಬ್ಬೆರಳು ದಾಟುವ ಜಾಗ ಬಂದಾಗ ನಾನು ಉಸಿರು ಹಿಡಿದೆ, ದೋಣಿ ಸೇತುವೆಯ ಕೆಳಗೆ ನುಸುಳಿ ಆಚೆ ಹೋಯಿತು.

ಹೊರಗೆ ಬಂದವಳನ್ನು, ಮೊದಲು ಏನು ಮಾಡುತ್ತಿದ್ದೆ ಎಂದು ಕೇಳಿದರೆ, "ಮುಚ್ಚಳದ್ ಮೇಲೆ ಒಂದ್ ಸಲ ಬಾರ್ಸಿದೆ ಟೀಚರ್. ಮನ್ಯಂಗ್ ಹಂಗೇ ಅಲ್ದಾ?" ಎಂದಳು. ಪರೀಕ್ಷಕಿ ಬಿಳಿಕೂದಲ ಹೆಂಗಸು, ಒಂದು ಮಾತೂ ಆಡದೆ ಆ ಶಬ್ದವಿಲ್ಲದ ಪಾಠವನ್ನು ಪೂರ್ತಿ ನೋಡಿದ್ದಾರೆ. ಅವರು ಬರೆದ ವರದಿಯಲ್ಲಿ ಒಂದು ಸಾಲು ಇದೆ: ಈ ಮಗು ಬಾರಿಸುವುದಕ್ಕೆ ಮೊದಲೇ ಸಂಗೀತವನ್ನು ಕೇಳುತ್ತದೆ. ನಾನು ಅದನ್ನು ಕನ್ನಡದಲ್ಲಿ ಬರೆದು ಜಲಜಳಿಗೆ ಕೊಟ್ಟೆ. ಅವಳು ಅದನ್ನು ಫ್ಯಾಕ್ಟರಿಯಲ್ಲಿ ಎಲ್ಲರಿಗೂ ಓದಿ ಹೇಳಿದಳಂತೆ.

ಕಳೆದ ಭಾನುವಾರ ನಮ್ಮ ಚಾವಡಿಯಲ್ಲಿ ಆರೂ ಮಕ್ಕಳು ಬಾರಿಸಿದರು. ಅಕ್ಕಪಕ್ಕದವರು, ಮಕ್ಕಳ ಮನೆಯವರು, ಶೀನ ಆಚಾರಿ ಎಲ್ಲ ಬಂದಿದ್ದರು. ಮುಂದಿನ ಸಾಲಿನಲ್ಲಿ ನಿನಗೆಂದು ಒಂದು ಕುರ್ಚಿ ಹಿಡಿದಿಟ್ಟಿದ್ದೆ. ಅಪ್ಪಯ್ಯ ಎರಡು ಸಲ ಗೇಟಿನ ತನಕ ಹೋಗಿ ಬಂದರು. ಶುರುವಾಗುವ ಹೊತ್ತಿಗೆ ರಿಕ್ಷಾದಲ್ಲಿ ಅಕ್ಕು ಅಜ್ಜಿ ಬಂದು ಇಳಿದರು. ಕಾಲು ಬರುವುದಿಲ್ಲ ಎಂದು ಊರು ಬಿಟ್ಟು ಹೊರಡದವರು! ಬೇರೆ ಕುರ್ಚಿ ಇರಲಿಲ್ಲ, ನಿನ್ನದರಲ್ಲಿ ಕೂರಿಸಿದೆ. ಬೇಸರ ಮಾಡಬೇಡ.

ನೀನು ಯೋಚಿಸಿ ನೋಡು. ಆ ಅಜ್ಜಿ ಒಂದು ವರ್ಷಕ್ಕೂ ಹೆಚ್ಚು ದಿನಾ ಸಂಜೆ ಆ ಪಾಠವನ್ನು ನಾಲ್ಕು ನಾಲ್ಕು ಸಲ ನೋಡಿದ್ದಾರೆ. ಕೇಳಿರಲಿಲ್ಲ. ಒಮ್ಮೆಯೂ. ಪ್ರೇಕ್ಷಾ ಬಾರಿಸಲು ಶುರು ಮಾಡಿದ್ದೇ ಅಜ್ಜಿ ಬೆನ್ನು ನೆಟ್ಟಗೆ ಮಾಡಿ ಕೂತರು. ನಾನು ಹುಡುಗಿಯನ್ನು ಬಿಟ್ಟು ಅಜ್ಜಿಯನ್ನೇ ನೋಡಿದೆ. ಅವರ ಹತ್ತೂ ಬೆರಳು ಮಡಿಲಲ್ಲಿ ಆಡುತ್ತಿದ್ದವು, ಮೊಮ್ಮಗಳ ಬೆರಳಿನ ಜೊತೆ ಜೊತೆಗೆ, ಎಡಗೈಗೆ ಎಡಗೈ, ಬಲಗೈಗೆ ಬಲಗೈ. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಮುಗಿದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ಅಜ್ಜಿ ನನ್ನ ಕೈ ಹಿಡಿದು ಕೇಳಿದರು, "ಇದೆಲ್ಲ ಆ ಹಲ್ಗಿ ಒಳ್ಗೇ ಇದ್ದಿತ್ತಾ ಟೀಚ್ರೇ?"

ಹೌದು ಎಂದೆ. ಮತ್ತೇನು ಹೇಳಲಿ?

ಅಷ್ಟಕ್ಕೇ ಮುಗಿಯಲಿಲ್ಲ. ಮೊಮ್ಮಗಳನ್ನು ಹತ್ತಿರ ಕರೆದು, "ಎರಡ್ನೇ ಸಾಲಂಗೆ ಉಂಗ್ರದ್ ಬೆರಳ್ ಹಾಕುವಲ್ಲಿ ನಡುಬೆರಳ್ ಹಾಕ್ದೆ. ನಾ ಕಂಡಿದೆ" ಎಂದು ಗದರಿಸಿದರು. ನಿಜ! ನನಗೇ ಕಂಡಿರಲಿಲ್ಲ. ಚಾವಡಿ ಪೂರ್ತಿ ನಕ್ಕಿತು, ಎಲ್ಲರಿಗಿಂತ ಜೋರಾಗಿ ಪ್ರೇಕ್ಷಾ ನಕ್ಕಳು. ತಪ್ಪು ಸಿಕ್ಕಿಬಿದ್ದಾಗ ನಗುವ ಮಗುವನ್ನು ಪಿಯಾನೋದ ಪಕ್ಕದಲ್ಲಿ ನಾನು ನೋಡಿದ್ದು ಅದೇ ಮೊದಲು.

ಮತ್ತೆ ಬುಧವಾರ ನಿನ್ನ ಫೋನು. ನೀನು ಬರದೇ ಇದ್ದದ್ದಕ್ಕೆ ಕಾರಣ ಹೇಳುತ್ತೀ ಎಂದುಕೊಂಡೆ. ಹೇಳಲಿಲ್ಲ. "ಅಮ್ಮ, ಆ ಹಲ್ಗಿ ಎಷ್ಟ್ ಉದ್ದ ಇತ್ತ್?" ಎಂದೆ. ಎಂತಕೆ ಎಂದೆ ನಾನು. "ಧೃತಿಗೆ" ಎಂದೆ ನೀನು. ಆಗ ನಿಜವಾಗಿಯೂ ನಿನ್ನ ಕುಕ್ಕರ್ ಕೂಗಿತು. ಐದು ಸೀಟಿ ಎಣಿಸಿದೆ. ನೀನು ಫೋನ್ ಇಡಲಿಲ್ಲ. ಅನ್ನ ಸೀದಿರಬೇಕು. ಸೀಯಲಿ!

ಶೀನ ಆಚಾರಿ ಎರಡೇ ದಿನದಲ್ಲಿ ಹೊಸ ಹಲಗೆ ಮಾಡಿಕೊಟ್ಟರು. ಎರಡೂಕಾಲು ಅಡಿ, ಪ್ರೇಕ್ಷಾಳದ್ದೇ ಅಳತೆ. ಅಂಚುಗಳನ್ನು ನಾನೇ ಉಜ್ಜಿ ನುಣ್ಣಗೆ ಮಾಡಿದ್ದೇನೆ, ಎಲ್ಲಿಯೂ ಸಿಬಿರಿಲ್ಲ. ಪುಣೆ ಬಸ್ಸಿಗೆ ಹಾಕಿಸಿದ್ದೇನೆ, ಜೊತೆಗೆ ಈ ಕಾಗದ. ದಿನಾ ಕಾಲು ಗಂಟೆ, ಅದಕ್ಕಿಂತ ಹೆಚ್ಚು ಬೇಡ. ಹೊತ್ತು ಒಂದೇ ಇರಲಿ. ನೀನು ಪಕ್ಕದಲ್ಲಿ ಕೂರು, ಏನೂ ಹೇಳಬೇಡ. ಧೃತಿ ಬೇಡ ಎಂದರೆ ಆ ದಿನ ಒಂದೇ ಕಾಯಿ. ಅಳುತ್ತಾ ಒಂದು ಸಲವೂ ಬೇಡ.

ನಿಮ್ಮ ಮೂವರ ಮನೆ ತುಂಬ ನಗು ಇರಲಿ. ಧೃತಿಯ ಬೆರಳಿಗೆ ಅಜ್ಜಿಯ ಆಶೀರ್ವಾದ, ಹತ್ತಕ್ಕೂ ಬೇರೆ ಬೇರೆ.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ. ಮೂರು ಕಾಗದದಲ್ಲೂ ಬರೆಯಲು ಹೋಗಿ ಬಿಟ್ಟದ್ದು.

ಹಲಗೆಯ ಜೊತೆ ಇಪ್ಪತ್ತೆಂಟು ಮಂಜೊಟ್ಟಿ ಇಟ್ಟಿದ್ದೇನೆ. ಕಳೆದುಹೋದರೆ ಹುಣಸೆಬೀಜ ಹಾಕು, ಕಡಲೆ ಹಾಕು. ಹಸಿ ಗೇರುಬೀಜ ಮಾತ್ರ ಬೇಡ. ಯಾಕೆ ಎಂದು ನಮ್ಮಿಬ್ಬರಿಗೇ ಗೊತ್ತು. ತೊಂಬತ್ತರ ಏಪ್ರಿಲ್, ನಿನ್ನ ಪರೀಕ್ಷೆಗೆ ಹನ್ನೊಂದು ದಿನ ಇತ್ತು, ನಿನಗೆ ಹನ್ನೆರಡು ವರ್ಷ. ಬಾರಿಸುವಾಗ ನಿನ್ನ ಮಣಿಕಟ್ಟು ಕುಣಿಯಬಾರದು ಎಂದು ಎರಡೂ ಕೈಯ ಮೇಲೆ ಒಂದೊಂದು ಗೇರುಬೀಜ ಇಟ್ಟೆ, ಬಿದ್ದರೆ ಮೊದಲಿಂದ ಬಾರಿಸಬೇಕು ಎಂದೆ. ಬಲಗೈಯ ಬೀಜ ಬಿರಿದಿತ್ತು, ಸೊನೆ ಇಳಿಯಿತು. ನೀನು ಬೀಳಿಸಲಿಲ್ಲ. ಕೊನೆಯ ತನಕ ಒಂದು ತಪ್ಪಿಲ್ಲದೆ ಬಾರಿಸಿದೆ. ಸಂಜೆಗೆ ಕೈ ಬೊಕ್ಕೆ ಎದ್ದಾಗ, ಬೀಜ ಸುಡಲು ಹೋಗಿ ಸೊನೆ ಹಾರಿತು ಎಂದು ಅಪ್ಪಯ್ಯನಿಗೆ ಹೇಳಿದವಳು ನಾನು. ಪಕ್ಕದಲ್ಲೇ ನಿಂತಿದ್ದ ನೀನು ಅಲ್ಲ ಎನ್ನಲಿಲ್ಲ. ಆಮೇಲೆ ನೀನು ಪಿಯಾನೋ ಮುಟ್ಟಲಿಲ್ಲ, ನಾನು ಊರಿಗೆಲ್ಲ ನನ್ನ ಮಗಳಿಗೆ ಸಂಗೀತದಲ್ಲಿ ಮನಸ್ಸಿಲ್ಲ ಎಂದು ಹೇಳಿಕೊಂಡು ತಿರುಗಿದೆ.

ಮರುದಿನ ನೀನು ಒಂದೇ ಪ್ರಶ್ನೆ ಕೇಳಿದ್ದೆ, "ಅಮ್ಮ, ನಾ ಹೇಳಿದ್ದ್ ನಿಂಗೆ ಕೇಣ್ಲಿಲ್ಯಾ?" ಪಿಯಾನೋದ ಶಬ್ದದಲ್ಲಿ ಕೇಳಲಿಲ್ಲ ಮಗಾ ಎಂದಿದ್ದೆ.

ಬಾರಿಸುತ್ತಲೇ ನೀನು "ಅಮ್ಮ, ಕೈ ಉರಿತಾ ಇತ್ತ್" ಎಂದು ಮೂರು ಸಲ ಹೇಳಿದೆ. ಮೂರು ಸಲವೂ ನನಗೆ ಕೇಳಿತ್ತು.